‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಕಲ್ಟ್ ಚಿತ್ರವಾದದ್ದು ಹೇಗೆ?

ಪ್ರಶ್ನೆ: ನಮ್ಮ ಊರಿನ ಚಿಕ್ಕ ಚಿತ್ರಸಮಾಜದಲ್ಲಿ ಈಚೆಗೆ, ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುವ ಕಥೆಯ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಹಾರರ್ ಚಿತ್ರವನ್ನು ಯೂಟ್ಯೂಬ್‌ನಿಂದಲೇ ಹಾಕಿಕೊಂಡು ನೋಡಿದೆವು. ಇಷ್ಟು ಹೆಸರಾದ ಅಮೆರಿಕದ ಚಿತ್ರವೊಂದು ಪುಕ್ಕಟೆಯಾಗಿ ಸಿಗುವುದು ಹೇಗೆ? ಕೆಲವರ ನಟನೆ ಹವ್ಯಾಸಿ ನಾಟಕದಂತಿದೆ, ಛಾಯಾಗ್ರಹಣ ಒರಟಾಗಿದೆ. ಆದರೂ ಇದನ್ನು ಕಲ್ಟ್ ಚಿತ್ರವೆಂದು ಕೊಂಡಾಡುತ್ತಾರೆ. ಕೆಟ್ಟ ಚಿತ್ರಗಳಿಗೆ ಮರ್ಯಾದೆಯಾಗಿ ಇಟ್ಟ ಹೆಸರೇ ‘ಕಲ್ಟ್’ ಎಂಬುದು ನಮ್ಮ ಸದಸ್ಯರೊಬ್ಬರ ವಾದ. ಇದು ನಿಜವೇ? ಇದರ ನಂತರ ಯಾವ ಚಿತ್ರಗಳನ್ನು ನೋಡಬಹುದು?

ಉತ್ತರ: ನಿಮ್ಮ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅವನ್ನು ಬಿಡಿಬಿಡಿಯಾಗಿ ಎತ್ತಿಕೊಳ್ಳದೆ, ನೀವು ನೋಡಿದ ಚಿತ್ರದ ಚರಿತ್ರೆಯನ್ನೇ ಹಿಡಿದು ಹೋಗುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಖ್ಯ ಮಾರುಕಟ್ಟೆ ಕೈಬಿಟ್ಟ ಅಥವಾ ಹತ್ತಿರ ಸೇರಿಸದ ಚಿತ್ರವೊಂದು ಅಡ್ಡದಾರಿಗಳಲ್ಲಿ, ಅವೇಳೆಯಲ್ಲಿ, ಯಾರು ಯಾರದೋ ಕೈ ದಾಟಿಕೊಂಡು ಮತ್ತೆ ಮತ್ತೆ ಪರದೆಗೆ ಬಂದಾಗ ಅದಕ್ಕೊಂದು ನಿಷ್ಠಾವಂತ ಪ್ರೇಕ್ಷಕವರ್ಗ ಹುಟ್ಟುತ್ತದೆ. ಆ ಚಲಾವಣೆಯೇ ಕಲ್ಟ್‌ನ ಮೂಲ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ಆಮೇಲೆ, ಅದು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವ ಪ್ರಶ್ನೆ.

ಈ ಚಿತ್ರದ ನಿರ್ದೇಶಕ ಜಾರ್ಜ್ ಎ. ರೊಮೆರೊ 1960ರ ದಶಕದಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಗೆಳೆಯರೊಂದಿಗೆ ‘ದಿ ಲೇಟೆಂಟ್ ಇಮೇಜ್’ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದರು. ಟೆಲಿವಿಷನ್ ಜಾಹೀರಾತುಗಳನ್ನೂ ಕಾರ್ಖಾನೆಗಳ ಪ್ರಚಾರಚಿತ್ರಗಳನ್ನೂ ತೆಗೆಯುವುದು ಅವರ ಕಸುಬು. ಕಥಾಚಿತ್ರವೊಂದನ್ನು ಮಾಡಬೇಕೆಂಬ ಆಸೆಯಿಂದ ಹತ್ತು ಜನ ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಎಂಬ ಹೆಸರಿನಲ್ಲಿ ಕೆಲಸ ಶುರುಮಾಡಿದರು. ಮುಗಿಯುವ ಹೊತ್ತಿಗೆ ಖರ್ಚು ಸುಮಾರು 1,14,000 ಡಾಲರ್ ಮುಟ್ಟಿತ್ತು. ಹಾಲಿವುಡ್ಡಿನ ಲೆಕ್ಕದಲ್ಲಿ ಅದು ಆಗಲೂ ಚಿಲ್ಲರೆ ಹಣವೇ. 1967ರಲ್ಲಿ ಪಿಟ್ಸ್‌ಬರ್ಗ್‌ನ ಉತ್ತರಕ್ಕಿರುವ ಇವಾನ್ಸ್ ಸಿಟಿಯ ಸ್ಮಶಾನದಲ್ಲಿಯೂ, ಕೆಡವುವುದಕ್ಕೆಂದೇ ಖಾಲಿ ಬಿಟ್ಟಿದ್ದ ಒಂದು ತೋಟದ ಮನೆಯಲ್ಲಿಯೂ ಚಿತ್ರೀಕರಣ ನಡೆಯಿತು. ಕಪ್ಪು-ಬಿಳುಪಿನಲ್ಲಿ ರಕ್ತದ ಬಣ್ಣ ಮುಖ್ಯವಲ್ಲವಾದ್ದರಿಂದ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ಹೆಣಗಳು ಕಿತ್ತು ತಿನ್ನುವ ಕರುಳು-ಮಾಂಸ ಹಣ ಹಾಕಿದವರಲ್ಲೊಬ್ಬರ ಕಸಾಯಿ ಅಂಗಡಿಯಿಂದ ಬಂತು. ನೆಲಮಾಳಿಗೆಯಲ್ಲಿ ಅಡಗುವ ಹ್ಯಾರಿ ಕೂಪರ್‌ನ ಪಾತ್ರ ಮಾಡಿದ ಕಾರ್ಲ್ ಹಾರ್ಡ್‌ಮನ್ ಚಿತ್ರದ ನಿರ್ಮಾಪಕರಲ್ಲೊಬ್ಬರು. ಅವರ ಮಗಳ ಪಾತ್ರದಲ್ಲಿರುವವಳು ಅವರ ಸ್ವಂತ ಮಗಳೇ. ಆರಂಭದಲ್ಲಿ ಬರುವ ಕಾರು ನಿರ್ಮಾಪಕ ರಸೆಲ್ ಸ್ಟ್ರೈನರ್ ಅವರ ತಾಯಿಯದು. ಚಿತ್ರೀಕರಣದ ನಡುವೆ ಅದು ಬೇರೆಲ್ಲೋ ಗುದ್ದಿಸಿಕೊಂಡು ನೆಗ್ಗಿದಾಗ, ಆ ನೆಗ್ಗನ್ನು ಮುಚ್ಚಲು ಹೋಗದೆ ಕಾರು ಮರಕ್ಕೆ ಉಜ್ಜಿ ನಿಲ್ಲುವ ದೃಶ್ಯವನ್ನೇ ಬರೆದು ಸೇರಿಸಿದರು. ಟೆಲಿವಿಷನ್ ವರದಿಗಾರನಾಗಿ ಕಾಣಿಸಿಕೊಳ್ಳುವ ಬಿಲ್ ಕಾರ್ಡಿಲ್ ಪಿಟ್ಸ್‌ಬರ್ಗ್‌ನ ವಾಹಿನಿಯೊಂದರಲ್ಲಿ ವಾರಾಂತ್ಯದ ರಾತ್ರಿ ಹಾರರ್ ಚಿತ್ರಗಳನ್ನು ಪರಿಚಯಿಸುತ್ತಿದ್ದ ನಿರೂಪಕ. ಊರಿನವರಿಗೆಲ್ಲ ಪರಿಚಿತ ಮುಖ. ಸಂಗೀತ ಹೊಸದಾಗಿ ಮಾಡಿಸಿದ್ದಲ್ಲ, ಸಿದ್ಧ ಸಂಗ್ರಹದಿಂದ ಆರಿಸಿಕೊಂಡದ್ದು.

ಇನ್ನು ಪುಕ್ಕಟೆಯ ವಿಷಯ. ಚಿತ್ರ ಸಿದ್ಧವಾದಾಗ ಅದರ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’ ಎಂದಿತ್ತು. ಕೊಲಂಬಿಯಾ ಕಂಪನಿ ಅದನ್ನು ಕೊಳ್ಳಲಿಲ್ಲ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್‌ನವರಿಗೆ ಅದರ ಮುಕ್ತಾಯ ಬದಲಾಗಬೇಕಿತ್ತು, ರೊಮೆರೊ ಒಪ್ಪಲಿಲ್ಲ. ಕೊನೆಗೆ ನ್ಯೂಯಾರ್ಕ್‌ನ ವಾಲ್ಟರ್ ರೀಡ್ ಸಂಸ್ಥೆ ವಿತರಣೆಗೆ ಒಪ್ಪಿ ಹೆಸರನ್ನು ಬದಲಾಯಿಸಿತು. ಹಳೆಯ ಶೀರ್ಷಿಕೆಯಿದ್ದ ಚೌಕಟ್ಟಿನಲ್ಲಿಯೇ ಹಕ್ಕುಸ್ವಾಮ್ಯದ ಸೂಚನೆಯೂ ಇತ್ತು. ಹೊಸ ಶೀರ್ಷಿಕೆಯನ್ನು ಕೂರಿಸುವಾಗ ಆ ಸೂಚನೆಯನ್ನು ಮತ್ತೆ ಸೇರಿಸುವುದು ಬಿಟ್ಟುಹೋಯಿತು. ಇಂದು ಇಂಥ ಲೋಪದಿಂದ ಏನೂ ಆಗುವುದಿಲ್ಲ. ಆದರೆ ಆಗ ಜಾರಿಯಲ್ಲಿದ್ದದ್ದು 1909ರ ಅಮೆರಿಕದ ಕಾಯಿದೆ. ಅದರ ಪ್ರಕಾರ, ಪ್ರಕಟವಾದ ಪ್ರತಿಗಳ ಮೇಲೆ ಮಾಲೀಕರ ಹೆಸರು, ವರ್ಷ ಮತ್ತು ಸ್ವಾಮ್ಯದ ಪದ ಅಥವಾ ಚಿಹ್ನೆ ಇರಲೇಬೇಕಿತ್ತು, ಇಲ್ಲದಿದ್ದರೆ ಕೃತಿ ನೇರವಾಗಿ ಸಾರ್ವಜನಿಕರ ಸ್ವತ್ತಾಗುತ್ತಿತ್ತು. 1978ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಇಂಥ ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶ ಕೊಟ್ಟಿತು, 1989ರಲ್ಲಿ ಸೂಚನೆಯ ಕಡ್ಡಾಯವೇ ರದ್ದಾಯಿತು; ಆದರೆ 1968ರಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಅವೆರಡೂ ಒದಗಲಿಲ್ಲ. ಹೀಗೆ ಒಂದೇ ಒಂದು ಚೌಕಟ್ಟಿನ ಕೆಳಗಿನ ಸಾಲು ತಪ್ಪಿಹೋದದ್ದರಿಂದ ಚಿತ್ರ ಮಾಡಿದವರು ಅದರ ಮೇಲಿನ ಹಿಡಿತವನ್ನು ಕಳೆದುಕೊಂಡರು. ಅದರ ಗಳಿಕೆಯ ಬಹುಭಾಗ ಅವರ ಕೈ ಸೇರಲೇ ಇಲ್ಲ.

ಈ ಸಂಗತಿಯ ಮೇಲೆ ಒಂದು ತಪ್ಪು ಮಾತು ಬಹಳ ಚಾಲ್ತಿಯಲ್ಲಿದೆ: ಚಿತ್ರಕ್ಕೆ ಸ್ವಾಮ್ಯ ಇಲ್ಲದ್ದರಿಂದಲೇ ಇಂದಿನ ಜೋಂಬಿ ಚಿತ್ರಗಳೆಲ್ಲ ಹುಟ್ಟಿದವು ಎನ್ನುತ್ತಾರೆ. ಕಾನೂನು ಕಲ್ಪನೆಗೆ ಸ್ವಾಮ್ಯ ಕೊಡುವುದಿಲ್ಲ. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುತ್ತಾರೆ, ತಲೆಗೆ ಗುಂಡು ಹೊಡೆದರೆ ಮಾತ್ರ ಬೀಳುತ್ತಾರೆ ಎಂಬ ಕಲ್ಪನೆಯನ್ನು ಸ್ವಾಮ್ಯ ಭದ್ರವಾಗಿದ್ದರೂ ಬೇರೆಯವರು ಬಳಸಿಕೊಳ್ಳಬಹುದಿತ್ತು. ರೊಮೆರೊ ಸ್ವತಃ ರಿಚರ್ಡ್ ಮ್ಯಾಥಿಸನ್ ಅವರ 1954ರ ಕಾದಂಬರಿಯಿಂದ ಪ್ರೇರಣೆ ಪಡೆದದ್ದಾಗಿ ಒಪ್ಪಿಕೊಂಡಿದ್ದರು. (ಚಿತ್ರದಲ್ಲಿ ಅವನ್ನು ಯಾರೂ ಜೋಂಬಿ ಎನ್ನುವುದೇ ಇಲ್ಲ, ಗಮನಿಸಿರಬಹುದು.) ಸ್ವಾಮ್ಯ ತಪ್ಪಿದ್ದರಿಂದ ಆದದ್ದು ಬೇರೆ. ಪ್ರಿಂಟ್ ಒಂದು ಕೈಯಲ್ಲಿದ್ದ ಯಾರು ಬೇಕಾದರೂ ಯಾರಿಗೂ ಬಾಡಿಗೆ ಕಟ್ಟದೆ ಅದನ್ನು ತೋರಿಸಬಹುದಾಯಿತು, ನಕಲು ತೆಗೆಯಬಹುದಾಯಿತು, ಮಾರಬಹುದಾಯಿತು. ಸ್ಥಳೀಯ ಟೆಲಿವಿಷನ್ ವಾಹಿನಿಗಳು ನಡುರಾತ್ರಿಯ ಖಾಲಿ ಹೊತ್ತನ್ನು ಅದರಿಂದ ತುಂಬಿದವು. ವಿಡಿಯೊ ಕ್ಯಾಸೆಟ್ ಬಂದ ಮೇಲಂತೂ ನಕಲು ಯಂತ್ರವಿದ್ದ ಪ್ರತಿಯೊಬ್ಬ ವ್ಯಾಪಾರಿಯೂ ತನ್ನದೊಂದು ಹೊದಿಕೆ ಹಾಕಿ ಮಾರುಕಟ್ಟೆಗೆ ಬಿಟ್ಟ. ಕಲ್ಪನೆಯನ್ನು ಎಲ್ಲರೂ ಅನುಕರಿಸಿದ್ದಕ್ಕೆ ಕಾರಣ ಎಲ್ಲರೂ ಮೂಲವನ್ನು ನೋಡಿದ್ದು. ಎಲ್ಲರೂ ನೋಡುವಂತಾದದ್ದು ಆ ಸಾಲು ತಪ್ಪಿದ್ದರಿಂದ.

ಇಂಥ ಚಿತ್ರಗಳಿಗೆ ಮಾರುಕಟ್ಟೆಯಾದರೂ ಹೇಗೆ ಇತ್ತು ಎಂದು ನೀವು ಕೇಳಬಹುದು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ಪ್ಯಾರಾಮೌಂಟ್ ತೀರ್ಪಿನಿಂದಾಗಿ ದೊಡ್ಡ ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳ ಸರಪಳಿಯನ್ನು ಬಿಟ್ಟುಕೊಡಬೇಕಾಯಿತು. ಮನೆಮನೆಗೆ ಬಂದ ಟೆಲಿವಿಷನ್ ಕುಟುಂಬದ ಪ್ರೇಕ್ಷಕರನ್ನು ಎಳೆದುಕೊಂಡಿತು. ಸ್ಟುಡಿಯೊಗಳು ಕಡಿಮೆ ಚಿತ್ರ, ದೊಡ್ಡ ಚಿತ್ರ ಎಂಬ ನೀತಿಗೆ ಬಂದಾಗ, ವಾರವಾರ ಎರಡೆರಡು ಚಿತ್ರ ಹಾಕಬೇಕಾದ ಸಣ್ಣ ಪ್ರದರ್ಶಕರಿಗೆ ಸರಕೇ ಇಲ್ಲದಂತಾಯಿತು. ಅದೇ ಹೊತ್ತಿಗೆ, ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಡ್ರೈವ್-ಇನ್‌ಗಳು 1950ರ ದಶಕದ ಕೊನೆಗೆ ನಾಲ್ಕು ಸಾವಿರವನ್ನು ಮೀರಿದವು. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಹದಿಹರೆಯದವರು. ಈ ಅಂತರವನ್ನು ತುಂಬಿದ್ದು ಜೇಮ್ಸ್ ನಿಕಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಅವರ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್‌ನಂಥ ಕಂಪನಿಗಳು. ನಿಕಲ್ಸನ್ ಮೊದಲು ಒಂದು ಹೆಸರು ಹೊಳೆಸಿಕೊಳ್ಳುತ್ತಿದ್ದರು, ಅದಕ್ಕೊಂದು ಪೋಸ್ಟರ್ ಬರೆಸುತ್ತಿದ್ದರು, ಪ್ರದರ್ಶಕರಿಗೆ ಅದು ಹಿಡಿಸಿದರೆ ಆಮೇಲೆ ಚಿತ್ರಕಥೆ. ಅವರಿಗೆ ಚಿತ್ರಗಳನ್ನು ಮಾಡಿಕೊಡುತ್ತಿದ್ದ ರೋಜರ್ ಕಾರ್ಮನ್ 1960ರಲ್ಲಿ ಬೇರೊಂದು ಚಿತ್ರದಿಂದ ಉಳಿದಿದ್ದ ಸೆಟ್ಟನ್ನು ಹಿಡಿದುಕೊಂಡು ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ ಚಿತ್ರದ ಒಳಾಂಗಣವನ್ನು ಎರಡೇ ದಿನದಲ್ಲಿ ಮುಗಿಸಿದರು. ಅದರಲ್ಲಿ ಹಲ್ಲು ಕೀಳಿಸಿಕೊಳ್ಳುವುದನ್ನೇ ಸುಖವೆಂದುಕೊಂಡ ರೋಗಿಯಾಗಿ ಕೆಲವೇ ನಿಮಿಷ ಬರುವ ಹುಡುಗ ಜ್ಯಾಕ್ ನಿಕಲ್ಸನ್. ಅವರು ತಾರೆಯಾದ ಮೇಲೆ ಕ್ಯಾಸೆಟ್ ವ್ಯಾಪಾರಿಗಳು ಅವರೇ ನಾಯಕನೆಂಬಂತೆ ಹೊದಿಕೆಯ ತುಂಬ ಅವರ ಮುಖ ಅಚ್ಚು ಹಾಕಿಸಿದರು. ವಿಲಿಯಂ ಕಾಸಲ್ ಎಂಬ ಇನ್ನೊಬ್ಬ ನಿರ್ದೇಶಕ-ನಿರ್ಮಾಪಕರು 1959ರ ‘ದಿ ಟಿಂಗ್ಲರ್’ ಚಿತ್ರಕ್ಕೆ ಕೆಲವು ಕುರ್ಚಿಗಳ ಕೆಳಗೆ ಕಂಪಿಸುವ ಮೋಟಾರು ಕಟ್ಟಿಸಿದ್ದರು.

ರೊಮೆರೊ ಅವರ ಚಿತ್ರವನ್ನೂ ಇಂಥದೇ ಸರಕೆಂದು ಭಾವಿಸಿ ಮಧ್ಯಾಹ್ನದ ಮಕ್ಕಳ ಆಟಗಳಿಗೂ ಹಾಕಿದರು. ಅದು ಪಿಟ್ಸ್‌ಬರ್ಗ್‌ನಲ್ಲಿ ತೆರೆಕಂಡದ್ದು 1968ರ ಅಕ್ಟೋಬರ್ 1ರಂದು. ವಯಸ್ಸಿಗೆ ತಕ್ಕಂತೆ ಚಿತ್ರಗಳನ್ನು ವಿಂಗಡಿಸುವ ಅಮೆರಿಕದ ರೇಟಿಂಗ್ ಪದ್ಧತಿ ಜಾರಿಗೆ ಬಂದದ್ದು ನವೆಂಬರ್ 1ರಂದು. ಆ ಒಂದು ತಿಂಗಳ ಸಂದಿನಲ್ಲಿ ನುಸುಳಿದ ಚಿತ್ರಕ್ಕೆ ಹತ್ತು ವರ್ಷದ ಮಕ್ಕಳು ಟಿಕೆಟ್ ಕೊಂಡು ಒಳಗೆ ಹೋದರು. ಆಗ ಷಿಕಾಗೋದ ಯುವ ವಿಮರ್ಶಕರಾಗಿದ್ದ ರೋಜರ್ ಎಬರ್ಟ್, ಮಕ್ಕಳೇ ತುಂಬಿದ್ದ ಅಂಥ ಒಂದು ಆಟಕ್ಕೆ ಹೋಗಿ ಬಂದು ಬರೆದ ಲೇಖನ ‘ರೀಡರ್ಸ್ ಡೈಜೆಸ್ಟ್’ನಲ್ಲಿಯೂ ಮರುಮುದ್ರಣವಾಯಿತು. ಮೊದಲು ಕೇಕೆ ಹಾಕುತ್ತಿದ್ದ ಮಕ್ಕಳು ಅರ್ಧದಿಂದಾಚೆಗೆ ದಂಗಾಗಿ ಕುಳಿತದ್ದನ್ನೂ ಕೆಲವರು ಅಳತೊಡಗಿದ್ದನ್ನೂ ಅವರು ದಾಖಲಿಸಿದರು. ಅವರ ಸಿಟ್ಟು ಮುಖ್ಯವಾಗಿ ಮಕ್ಕಳನ್ನು ಒಳಗೆ ಬಿಟ್ಟವರ ಮೇಲೆ ಇತ್ತು. ಆದರೆ ಇಂಥ ಲೇಖನಗಳಿಗಿಂತ ದೊಡ್ಡ ಜಾಹೀರಾತು ಬೇರೆ ಬೇಕಿರಲಿಲ್ಲ.

ಅಲ್ಲಿಂದ ಚಿತ್ರ ಮಧ್ಯರಾತ್ರಿಯ ಆಟಗಳಿಗೆ ಸೇರಿಕೊಂಡಿತು. 1970ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಎಲ್ಜಿನ್ ಚಿತ್ರಮಂದಿರದ ಬೆನ್ ಬ್ಯಾರನ್‌ಹೋಲ್ಟ್ಸ್, ಅಲೆಹಾಂದ್ರೊ ಹೊದೊರೊವ್‌ಸ್ಕಿಯವರ ‘ಎಲ್ ತೊಪೊ’ ಚಿತ್ರವನ್ನು ಪತ್ರಿಕೆಗಳಲ್ಲಿ ಹೆಚ್ಚಿನ ಜಾಹೀರಾತು ಕೊಡದೆ ರಾತ್ರಿ ಹನ್ನೆರಡಕ್ಕೆ ಹಾಕತೊಡಗಿದ್ದು ಒಂದು ಪದ್ಧತಿಗೆ ಮೊದಲಾಯಿತು. ಬಾಯಿಮಾತಿನಿಂದಲೇ ಜನ ಬಂದರು, ಬಂದವರೇ ಮತ್ತೆ ಬಂದರು. 1976ರ ಏಪ್ರಿಲ್ 1ರಿಂದ ಅದೇ ನಗರದ ವೇವರ್ಲಿಯಲ್ಲಿ ಹನ್ನೆರಡರ ಆಟಕ್ಕೆ ಬಂದ ‘ದಿ ರಾಕಿ ಹಾರರ್ ಪಿಕ್ಚರ್ ಶೋ’ ಅದರ ಹಿಂದಿನ ವರ್ಷ ಮಾಮೂಲು ಬಿಡುಗಡೆಯಲ್ಲಿ ನೆಲಕಚ್ಚಿದ್ದ ಚಿತ್ರ. ಪ್ರೇಕ್ಷಕರು ಪಾತ್ರಗಳ ವೇಷ ತೊಟ್ಟು ಬಂದು ಪರದೆಯೊಂದಿಗೆ ಮಾತಿಗೆ ಮಾತು ಬೆಸೆಯುವ ರೂಢಿ ಅಲ್ಲಿಯೇ ಬೆಳೆಯಿತು. ಕಲ್ಟ್ ಎನ್ನುವುದು ಕೂಟದ ವ್ಯವಹಾರ ಎಂದು ನಾನು ಹೇಳುವುದು ಇದಕ್ಕೆ. ಒಬ್ಬರೇ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದವರಿಗೆ ‘ರಾಕಿ ಹಾರರ್’ ಸುಮಾರಾದ ಸಂಗೀತ ಚಿತ್ರವೆಂದು ತೋರಿದರೆ ಅದು ಅವರ ತಪ್ಪಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಸ್ವಾಮ್ಯ ಕಳೆದುಕೊಂಡ ಹಳೆಯ ಚಿತ್ರಗಳು ಬೇಕಾದಷ್ಟಿವೆ, ನಡುರಾತ್ರಿ ತೋರಿಸಿದ ಚಿತ್ರಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಬಹಳಷ್ಟನ್ನು ಇಂದು ಕೇಳುವವರಿಲ್ಲ. ರೊಮೆರೊ ಅವರ ಚಿತ್ರ ಏಕೆ ಉಳಿಯಿತು? ಇಲ್ಲಿ ಚಿತ್ರದ ಒಳಗೇ ಹೋಗಬೇಕು.

ಹೆಣಗಳು ಸುತ್ತುವರಿದ ತೋಟದ ಮನೆಯಲ್ಲಿ ಸಿಕ್ಕಿಕೊಂಡವರ ನಡುವೆ ನಡೆಯುವ ನೆಲಮಾಳಿಗೆಯ ಜಗಳವನ್ನು ನೆನಪಿಸಿಕೊಳ್ಳಿ. ಕಿಟಕಿ ಬಾಗಿಲುಗಳಿಗೆ ಹಲಗೆ ಬಡಿದು ಮೇಲೆಯೇ ಉಳಿದರೆ ಓಡಲು ದಾರಿಯಿರುತ್ತದೆ, ಕೆಳಗೆ ಹೋದರೆ ಸಿಕ್ಕಿಬಿದ್ದಂತೆ ಎಂದು ನಾಯಕ ಬೆನ್ ಹೇಳುತ್ತಾನೆ. ನೆಲಮಾಳಿಗೆಗೆ ಒಂದೇ ಬಾಗಿಲು, ಅದನ್ನು ಒಳಗಿನಿಂದ ಭದ್ರಪಡಿಸಿದರೆ ಯಾರೂ ಬರಲಾರರು ಎಂದು ಹ್ಯಾರಿ ಕೂಪರ್ ಹಟ ಹಿಡಿಯುತ್ತಾನೆ. ಬೆನ್ ಧೈರ್ಯವಂತ, ಕೈಕೆಲಸ ಬಲ್ಲವನು, ನಮ್ಮ ಒಲವನ್ನೆಲ್ಲ ಗಳಿಸಿಕೊಂಡವನು. ಕೂಪರ್ ಪುಕ್ಕಲ, ಸಿಡುಕ. ಆದ್ದರಿಂದ ನಾವು ಬೆನ್‌ನ ಪಕ್ಷ ವಹಿಸುತ್ತೇವೆ. ಆದರೆ ಕಥೆಯ ಲೆಕ್ಕವನ್ನು ಕೂಡಿ ನೋಡಿ. ಟ್ರಕ್ಕಿಗೆ ಪೆಟ್ರೋಲ್ ತುಂಬಿಸಿಕೊಂಡು ತಪ್ಪಿಸಿಕೊಳ್ಳುವ ಪ್ರಯತ್ನದಲ್ಲಿ ಒಂದು ಯುವ ಜೋಡಿ ಸುಟ್ಟು ಸಾಯುತ್ತದೆ. ಮೇಲಿನ ಹಲಗೆಗಳು ಕೊನೆಗೂ ಮುರಿದು ಬೀಳುತ್ತವೆ. ಕೂಪರ್‌ನನ್ನು ಬೆನ್ ಗುಂಡಿಟ್ಟು ಹೊಡೆಯುತ್ತಾನೆ, ಆಮೇಲೆ ಅದೇ ನೆಲಮಾಳಿಗೆಗೆ ಇಳಿದು ಬಾಗಿಲು ಭದ್ರಪಡಿಸಿಕೊಂಡು ಬೆಳಗಿನವರೆಗೆ ಬದುಕುಳಿಯುತ್ತಾನೆ. ಎಂದರೆ ವಾದದಲ್ಲಿ ಸರಿ ಇದ್ದವನು ನಾವು ದ್ವೇಷಿಸಿದ ಮನುಷ್ಯ. ಚಿತ್ರ ಇದನ್ನು ಒಂದು ಮಾತಿನಲ್ಲಿಯೂ ಎತ್ತಿ ಹೇಳುವುದಿಲ್ಲ, ಯಾವ ಪಾತ್ರವೂ ಅದನ್ನು ಅರಿತುಕೊಳ್ಳುವುದಿಲ್ಲ. ಪೋಸ್ಟರನ್ನು ಮೊದಲು ಬರೆಸಿ ಆಮೇಲೆ ಕಥೆ ಹುಡುಕುವವರು ಇಂಥ ಕಥೆ ಕಟ್ಟುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ ನೋಡಿದಾಗ ಕೂಪರ್‌ನ ಕಡೆಗೆ ನಮ್ಮ ಕಣ್ಣು ತಿರುಗುತ್ತದೆ. ಚಿತ್ರ ಮರುನೋಟವನ್ನು ತಾಳಿಕೊಳ್ಳುವುದು ಇಲ್ಲಿ.

ಬೆನ್‌ನ ಪಾತ್ರ ವಹಿಸಿದ ಡ್ವೇನ್ ಜೋನ್ಸ್ ಕಪ್ಪು ಜನಾಂಗದವರು. ಪಾತ್ರವನ್ನು ಬರೆದಾಗ ಅದಕ್ಕೆ ಯಾವ ಜನಾಂಗವೂ ನಿಗದಿಯಾಗಿರಲಿಲ್ಲ. ಪರೀಕ್ಷೆಗೆ ಬಂದವರಲ್ಲಿ ಅವರೇ ಉತ್ತಮರಾಗಿದ್ದರು ಎಂದು ರೊಮೆರೊ ಉದ್ದಕ್ಕೂ ಹೇಳುತ್ತ ಬಂದರು. ಸಂಭಾಷಣೆಯಲ್ಲಿ ಎಲ್ಲಿಯೂ ಅವರ ಬಣ್ಣದ ಪ್ರಸ್ತಾಪವಿಲ್ಲ. ಆದರೆ 1968ರ ಅಮೆರಿಕದಲ್ಲಿ ಅದನ್ನು ನೋಡದೆ ಇರಲು ಸಾಧ್ಯವಿರಲಿಲ್ಲ. ಚಿತ್ರದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ವಿತರಕರನ್ನು ಹುಡುಕಲು ನ್ಯೂಯಾರ್ಕಿಗೆ ಹೊರಟಿದ್ದ ರಾತ್ರಿಯೇ, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿಯನ್ನು ರೊಮೆರೊ ರೇಡಿಯೊದಲ್ಲಿ ಕೇಳಿದರು. ರಾತ್ರಿಯಿಡೀ ಹೋರಾಡಿ ಉಳಿದ ಬೆನ್ ಬೆಳಗ್ಗೆ ಕಿಟಕಿಯ ಬಳಿ ಬಂದಾಗ, ಹೆಣಗಳನ್ನು ಬೇಟೆಯಾಡುತ್ತ ಬಂದ ಷೆರಿಫ್‌ನ ಬಂದೂಕು ಪಡೆ ಅವನನ್ನೂ ಹೆಣವೆಂದು ತಿಳಿದು ಹಣೆಗೆ ಗುಂಡು ಹೊಡೆಯುತ್ತದೆ. ಆ ಪಡೆಯಲ್ಲಿ ನಿಂತವರಲ್ಲಿ ಅನೇಕರು ಅಲ್ಲಿಯ ಊರಿನವರೇ. ಆಮೇಲಿನದನ್ನು ಚಲಿಸುವ ಚಿತ್ರವಾಗಿ ತೋರಿಸದೆ, ಪತ್ರಿಕೆಯಲ್ಲಿ ಅಚ್ಚಾದಂಥ ಒರಟು ಚುಕ್ಕೆಗಳ ಸ್ಥಿರಚಿತ್ರಗಳ ಸಾಲಾಗಿ ತೋರಿಸುತ್ತಾರೆ: ಮಾಂಸದ ಕೊಕ್ಕೆ ಹಿಡಿದ ಕೈಗಳು, ಎಳೆದು ತಂದ ದೇಹ, ಸೌದೆಯ ರಾಶಿ. ಅದರ ಮೇಲೆಯೇ ಕಲಾವಿದರ ಹೆಸರುಗಳು ಹಾದುಹೋಗುತ್ತವೆ. ಅಮೆರಿಕದ ದಕ್ಷಿಣದಲ್ಲಿ ಗುಂಪುಗಳು ಕಪ್ಪು ಜನರನ್ನು ಕೊಂದು ತೆಗೆಸಿಕೊಂಡ ಫೋಟೊಗಳನ್ನು ಕಂಡಿದ್ದ ಪ್ರೇಕ್ಷಕರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ. ನಿರ್ದೇಶಕರ ಉದ್ದೇಶ ಏನಿತ್ತು ಎಂಬ ಚರ್ಚೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಆ ಮುಕ್ತಾಯವನ್ನು ಬದಲಿಸಲು ಒಪ್ಪಲಿಲ್ಲವಲ್ಲ, ಅದು ಸಾಕು.

ಛಾಯಾಗ್ರಹಣ ಒರಟು ಎಂಬ ನಿಮ್ಮ ಮಾತಿಗೆ ಎರಡು ಉತ್ತರಗಳಿವೆ. ಒಂದು, ನೀವು ನೋಡಿದ್ದು ಬಹುಶಃ ನಕಲಿನ ನಕಲು. ಪುಕ್ಕಟೆ ಸಿಗುವ ಹಲವು ಪ್ರತಿಗಳು ಸವೆದ ಪ್ರಿಂಟುಗಳಿಂದ ಬಂದವು. ಅವುಗಳಲ್ಲಿ ಬೂದುಬಣ್ಣದ ನಡುಛಾಯೆಗಳೇ ಇಲ್ಲವಾಗಿ ಬರಿಯ ಕಪ್ಪು, ಬರಿಯ ಬಿಳುಪು ಉಳಿದಿರುತ್ತದೆ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ದಿ ಫಿಲ್ಮ್ ಫೌಂಡೇಶನ್ ಸೇರಿ ಮೂಲ ನೆಗೆಟಿವ್‌ನಿಂದ ಪುನರುದ್ಧಾರ ಮಾಡಿಸಿದ ಪ್ರತಿ 2016ರಲ್ಲಿ ಸಿದ್ಧವಾಯಿತು, ಕ್ರೈಟೀರಿಯನ್ ಸಂಸ್ಥೆ ಅದನ್ನು 2018ರಲ್ಲಿ ಡಿಸ್ಕ್ ರೂಪದಲ್ಲಿ ತಂದಿತು. ಅದನ್ನು ನೋಡಿದರೆ ಗೋಡೆಯ ಮೇಲೆ ಬೀಳುವ ಓರೆ ನೆರಳುಗಳನ್ನು ಎಷ್ಟು ಯೋಚಿಸಿ ಇಟ್ಟಿದ್ದಾರೆಂಬುದು ತಿಳಿಯುತ್ತದೆ. ಇನ್ನೊಂದು, ಆ ಒರಟುತನದಲ್ಲಿ ಒಂದು ಭಾಗ ಅಲ್ಲಿಗೆ ಒಪ್ಪುವಂಥದು. ಟೆಲಿವಿಷನ್ ವರದಿಗಳ ಭಾಗವನ್ನು ಅವರು ಜಾಹೀರಾತು ಮತ್ತು ಪ್ರಚಾರಚಿತ್ರಗಳಲ್ಲಿ ಪಳಗಿದ ಕೈಯಿಂದ ತೆಗೆದಿದ್ದಾರೆ. ವಾಷಿಂಗ್ಟನ್ನಿನ ಬೀದಿಯಲ್ಲಿ ವಿಜ್ಞಾನಿಯೂ ಸೇನಾಧಿಕಾರಿಯೂ ಶುಕ್ರಗ್ರಹದಿಂದ ಮರಳಿದ ಉಪಗ್ರಹದ ವಿಕಿರಣದ ಬಗ್ಗೆ ಪರಸ್ಪರ ವಿರುದ್ಧ ಹೇಳಿಕೆ ಕೊಡುತ್ತ ಅವಸರದಿಂದ ಹೆಜ್ಜೆ ಹಾಕುವ ದೃಶ್ಯ ನಿಜವಾದ ಸುದ್ದಿಚಿತ್ರದಂತೆಯೇ ಇದೆ. ನಟನೆಯ ವಿಷಯದಲ್ಲಿ ಮಾತ್ರ ನಿಮ್ಮ ಮಾತನ್ನು ಒಪ್ಪುತ್ತೇನೆ. ಆ ಯುವ ಜೋಡಿಯ ಸಂಭಾಷಣೆಯ ದೃಶ್ಯ ಇಂದಿಗೂ ಸಹಿಸಲು ಕಷ್ಟ.

ನಿಮ್ಮ ಸದಸ್ಯರ ವಾದಕ್ಕೆ ಆಧಾರವಿಲ್ಲದಿಲ್ಲ. ಎಡ್ ವುಡ್ ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಕೆಟ್ಟದ್ದಾಗಿರುವುದರಿಂದಲೇ ಹೆಸರಾಯಿತು. ಹಿಂದೆ ಡ್ರ್ಯಾಕುಲಾ ಪಾತ್ರದಿಂದ ಪ್ರಸಿದ್ಧರಾಗಿದ್ದ ಬೇಲಾ ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ವುಡ್ ಬಳಿ ಅವರ ಕೆಲವೇ ನಿಮಿಷಗಳ ಮಾತಿಲ್ಲದ ತುಣುಕುಗಳಿದ್ದವು. ಉಳಿದ ದೃಶ್ಯಗಳಿಗೆ ತಮ್ಮ ಹೆಂಡತಿಯ ಬೆನ್ನುಮೂಳೆಗೆ ಚಿಕಿತ್ಸೆ ಮಾಡುತ್ತಿದ್ದ ಕೈರೊಪ್ರ್ಯಾಕ್ಟರ್ ವೈದ್ಯರನ್ನು ನಿಲ್ಲಿಸಿದರು. ಅವರು ಲುಗೋಸಿಗಿಂತ ಎತ್ತರ, ಹೋಲಿಕೆಯೂ ಇಲ್ಲ, ಆದ್ದರಿಂದ ಚಿತ್ರದುದ್ದಕ್ಕೂ ನಿಲುವಂಗಿಯ ಅಂಚನ್ನು ಮೂಗಿನವರೆಗೆ ಎತ್ತಿಕೊಂಡೇ ಓಡಾಡುತ್ತಾರೆ. ಸಮಾಧಿಯ ಕಲ್ಲುಗಳು ಅಲುಗಾಡುತ್ತವೆ, ಒಂದೇ ದೃಶ್ಯದಲ್ಲಿ ಹಗಲೂ ರಾತ್ರಿಯೂ ಸರದಿಯಂತೆ ಬರುತ್ತವೆ. ಹಣ ಕೊಟ್ಟವರು ಬ್ಯಾಪ್ಟಿಸ್ಟ್ ಚರ್ಚಿನ ಕೆಲವು ಸದಸ್ಯರು. ಅವರನ್ನು ಒಲಿಸಿಕೊಳ್ಳಲು ವುಡ್ ದೀಕ್ಷಾಸ್ನಾನ ಮಾಡಿಸಿಕೊಂಡರು. ಇದೂ ಬಹಳ ಕಾಲ ರಾತ್ರಿಯ ಟೆಲಿವಿಷನ್‌ನಲ್ಲಿ ಸುತ್ತಿದ ಚಿತ್ರವೇ. 1980ರಲ್ಲಿ ಮೆಡ್‌ವೆಡ್ ಸಹೋದರರು ತಮ್ಮ ಪುಸ್ತಕದಲ್ಲಿ ಇದಕ್ಕೆ ಅತ್ಯಂತ ಕೆಟ್ಟ ಚಿತ್ರವೆಂಬ ಬಿರುದು ಕೊಟ್ಟ ಮೇಲೆ ಜನ ಹುಡುಕಿಕೊಂಡು ಹೋಗಿ ನೋಡಿದರು. ವುಡ್ 1978ರಲ್ಲಿಯೇ ಬಡತನದಲ್ಲಿ ತೀರಿಕೊಂಡಿದ್ದರು. ಕೂಟದಲ್ಲಿ ನೋಡಿದರೆ ನಗು ಬರುತ್ತದೆ, ನಿಜ. ಅರ್ಧ ಗಂಟೆಯ ನಂತರ ಆ ನಗು ಬತ್ತುತ್ತದೆ ಎಂಬುದು ನನ್ನ ಅನುಭವ. ಆದರೂ ಅದರಲ್ಲಿ ಕಪಟವಿಲ್ಲ, ತಾನು ದೊಡ್ಡದೇನನ್ನೋ ಮಾಡುತ್ತಿದ್ದೇನೆಂಬ ನಂಬಿಕೆ ಪ್ರತಿ ಚೌಕಟ್ಟಿನಲ್ಲಿದೆ. ನಗಿಸಲೆಂದೇ ಈಗ ಬೇಕುಬೇಕೆಂದು ಕೆಟ್ಟದಾಗಿ ತೆಗೆಯುವ ಚಿತ್ರಗಳಲ್ಲಿ ಆ ನಂಬಿಕೆ ಇರುವುದಿಲ್ಲ, ಆದ್ದರಿಂದ ಅವು ಬೇಗ ಹಳಸುತ್ತವೆ.

ಚಲಾವಣೆಯೊಂದೇ ಚಿತ್ರದ ಅರ್ಥವನ್ನು ತಲೆಕೆಳಗು ಮಾಡಬಲ್ಲದು ಎಂಬುದಕ್ಕೆ ಇನ್ನೊಂದು ಉದಾಹರಣೆ 1936ರ ‘ರೀಫರ್ ಮ್ಯಾಡ್‌ನೆಸ್’. ಗಾಂಜಾ ಸೇದಿದರೆ ಮಕ್ಕಳು ಹುಚ್ಚರಾಗುತ್ತಾರೆ ಎಂದು ಹೆತ್ತವರನ್ನು ಎಚ್ಚರಿಸಲು ತೆಗೆದ ಚಿತ್ರವನ್ನು ಡ್ವೇನ್ ಎಸ್ಪರ್ ಎಂಬ ವ್ಯಾಪಾರಿ ಕೊಂಡು, ಕೆರಳಿಸುವ ದೃಶ್ಯಗಳನ್ನು ಸೇರಿಸಿ, ಊರೂರು ತಿರುಗಿಸಿ ಹಣ ಮಾಡಿದ. ಸಮಾಜಕ್ಕೆ ಎಚ್ಚರಿಕೆ ಎಂಬ ಬೋರ್ಡು ಹಾಕಿ ನಿಷಿದ್ಧವಾದುದನ್ನು ತೋರಿಸುವುದು ಆ ಕಾಲದ ಎಕ್ಸ್‌ಪ್ಲಾಯ್ಟೇಶನ್ ವ್ಯಾಪಾರದ ಮುಖ್ಯ ವರಸೆ. 1972ರಲ್ಲಿ ಗಾಂಜಾ ಕಾನೂನಿನ ಸುಧಾರಣೆಗಾಗಿ ಹೋರಾಡುತ್ತಿದ್ದ ಕೀತ್ ಸ್ಟ್ರೂಪ್ ಇದನ್ನು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕಂಡು 297 ಡಾಲರಿಗೆ ಒಂದು ಪ್ರಿಂಟ್ ಕೊಂಡು, ಕಾಲೇಜುಗಳಲ್ಲಿ ತೋರಿಸಿ ತಮ್ಮ ಸಂಘಟನೆಗೆ ನಿಧಿ ಎತ್ತಿದರು. ಅದರ ಸ್ವಾಮ್ಯಸೂಚನೆಯೂ ದೋಷಪೂರಿತವಾಗಿದ್ದುದನ್ನು ನ್ಯೂ ಲೈನ್ ಸಿನಿಮಾದ ರಾಬರ್ಟ್ ಶೇ ಗುರುತಿಸಿ ರಾಷ್ಟ್ರಾದ್ಯಂತ ಬಿಡುಗಡೆ ಮಾಡಿದರು. ಈ ಸಲ ಒಂದು ಚೌಕಟ್ಟೂ ಬದಲಾಗದೆ ಎಚ್ಚರಿಕೆಯ ಚಿತ್ರ ಹಾಸ್ಯಚಿತ್ರವಾಯಿತು.

ಇಡೀ ಪ್ರಪಂಚವೇ ಹೀಗೆ ತಮಾಷೆಯದೆಂದು ತಿಳಿಯಬೇಡಿ. 1963ರಲ್ಲಿ ಜಾಹೀರಾತು ವೃತ್ತಿಯ ಹರ್ಷಲ್ ಗಾರ್ಡನ್ ಲೂಯಿಸ್ ಮಯಾಮಿಯಲ್ಲಿ ತೆಗೆದ ‘ಬ್ಲಡ್ ಫೀಸ್ಟ್’ ಕರುಳು ಕಿತ್ತು ತೋರಿಸುವುದನ್ನೇ ಬಂಡವಾಳ ಮಾಡಿಕೊಂಡಿತು. ಪ್ರೇಕ್ಷಕರಿಗೆ ವಾಂತಿಯ ಚೀಲ ಹಂಚಿದ್ದೂ ಪ್ರಚಾರವೇ. ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ, ಸಿನಿಮಾ ಆಗಿ ಅದರಲ್ಲಿ ಏನೂ ಇಲ್ಲ. ಇಟಲಿಯ ರುಜ್ಜೆರೊ ದೆಯೊದಾತೊ 1980ರಲ್ಲಿ ತೆಗೆದ ‘ಕ್ಯಾನಿಬಲ್ ಹೊಲೊಕಾಸ್ಟ್’ ಅದಕ್ಕಿಂತ ಬಹಳ ಕುಶಲವಾದ ಚಿತ್ರ, ಎಷ್ಟೆಂದರೆ ನಟರನ್ನು ನಿಜವಾಗಿಯೇ ಕೊಂದಿಲ್ಲವೆಂದು ನಿರ್ದೇಶಕರು ನ್ಯಾಯಾಲಯಕ್ಕೆ ತೋರಿಸಿಕೊಡಬೇಕಾಯಿತು. ಆದರೆ ಅದರಲ್ಲಿ ಆಮೆಯೂ ಸೇರಿ ಹಲವು ಪ್ರಾಣಿಗಳನ್ನು ಕ್ಯಾಮೆರಾದ ಮುಂದೆ ನಿಜವಾಗಿಯೇ ಕೊಂದಿದ್ದಾರೆ. ಅದನ್ನು ನಿಮ್ಮ ಚಿತ್ರಸಮಾಜಕ್ಕೆ ನಾನು ಸೂಚಿಸಲಾರೆ. ಬ್ರಿಟನ್ನಿನಲ್ಲಿ 1980ರ ದಶಕದ ಆರಂಭದಲ್ಲಿ ಇಂಥ ವಿಡಿಯೊಗಳ ವಿರುದ್ಧ ಎದ್ದ ಗುಲ್ಲಿನಲ್ಲಿ 72 ಚಿತ್ರಗಳ ಪಟ್ಟಿ ತಯಾರಾಯಿತು, 1984ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಆ ಪಟ್ಟಿ ಮುಂದೆ ಸಂಗ್ರಾಹಕರಿಗೆ ಕೊಳ್ಳಬೇಕಾದವುಗಳ ಪಟ್ಟಿಯಾಯಿತು.

ಇನ್ನು ಮುಂದೆ ನೋಡಬೇಕಾದವು. ಮೊದಲನೆಯದಾಗಿ ಹರ್ಕ್ ಹಾರ್ವೆಯವರ ‘ಕಾರ್ನಿವಲ್ ಆಫ್ ಸೋಲ್ಸ್’, 1962. ಹಾರ್ವೆ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ಶೈಕ್ಷಣಿಕ ಮತ್ತು ಕೈಗಾರಿಕಾ ಚಿತ್ರಗಳನ್ನು ತೆಗೆಯುತ್ತಿದ್ದವರು, ಎಂದರೆ ರೊಮೆರೊ ಅವರಂತೆಯೇ ಹಾಲಿವುಡ್ಡಿನ ಹೊರಗಿನ ಕಸುಬುದಾರ. ಯೂಟಾದ ಸಾಲ್ಟ್ ಲೇಕ್ ದಂಡೆಯಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರಮಂದಿರವನ್ನು ಕಂಡು ಆ ಕಟ್ಟಡಕ್ಕಾಗಿಯೇ ಕಥೆ ಮಾಡಿಸಿದರು. ಅವರು ತೆಗೆದ ಕಥಾಚಿತ್ರ ಇದೊಂದೇ. ಆರ್ಗನ್ ವಾದ್ಯವೊಂದೇ ಚಿತ್ರದ ಸಂಗೀತವನ್ನೆಲ್ಲ ಹೊತ್ತಿದೆ. ಒಳ್ಳೆಯ ಸ್ಪೀಕರ್ ಇದ್ದರೆ ಮಾತ್ರ ಹಾಕಿ.

ಎರಡನೆಯದು 1973ರ ‘ಗಾಂಜಾ ಅಂಡ್ ಹೆಸ್’. ಬೆನ್‌ನ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಇದರಲ್ಲಿಯೂ ನಾಯಕರು. ಹಿಂದಿನ ವರ್ಷ ಕಪ್ಪು ರಕ್ತಪಿಶಾಚಿಯ ಕಥೆಯಾದ ‘ಬ್ಲಾಕುಲಾ’ ಹಣ ಮಾಡಿದ್ದರಿಂದ ನಿರ್ಮಾಪಕರಿಗೆ ಅಂಥದೇ ಇನ್ನೊಂದು ಬೇಕಿತ್ತು. ನಿರ್ದೇಶಕ ಬಿಲ್ ಗನ್ ಆ ನಿರ್ಮಾಪಕರ ಹಣದಲ್ಲಿ ವ್ಯಸನ, ಧರ್ಮ ಮತ್ತು ವರ್ಗದ ಬಗ್ಗೆ ನಿಧಾನಗತಿಯ, ಸುಲಭವಾಗಿ ಕೈಗೆ ಸಿಗದ ಚಿತ್ರವನ್ನು ತೆಗೆದುಬಿಟ್ಟರು. ಅದು ಕಾನ್ ಉತ್ಸವದ ವಿಮರ್ಶಕರ ವಿಭಾಗದಲ್ಲಿ ಪ್ರದರ್ಶನ ಕಂಡರೂ, ಅದನ್ನು ಅಮೆರಿಕದಲ್ಲಿ ಕತ್ತರಿಸಿ, ಹೆಸರು ಬದಲಾಯಿಸಿ ಮಾರಿದರು. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಉಳಿದಿದ್ದ ಪೂರ್ಣ ಪ್ರತಿಯಿಂದಾಗಿ ಮೂಲ ಚಿತ್ರ ಇಂದು ನೋಡಲು ಸಿಗುತ್ತದೆ. ಹುಡುಕುವಾಗ ಪೂರ್ಣ ಆವೃತ್ತಿಯನ್ನೇ ಹುಡುಕಿ. ಕಲ್ಟ್ ಎಂದು ಕರೆಸಿಕೊಳ್ಳುವ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ವಿಜ್ಞಾನ ಕಥೆಯ ಕಡೆಗೆ ಹೋಗುವುದಾದರೆ ಜಾನ್ ಕಾರ್ಪೆಂಟರ್ ಅವರ ‘ಡಾರ್ಕ್ ಸ್ಟಾರ್’, 1974. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿ ಅವರೂ ಡ್ಯಾನ್ ಒಬ್ಯಾನನ್ ಅವರೂ ಶುರುಮಾಡಿದ ಕಿರುಚಿತ್ರ ಬೆಳೆದು ಕಥಾಚಿತ್ರವಾಯಿತು. ಅದರ ಅನ್ಯಗ್ರಹ ಜೀವಿ ಬಣ್ಣ ಬಳಿದ ಬೀಚ್ ಬಾಲ್. ಸಿಡಿಯಲು ಹೊರಟ ಬಾಂಬಿನೊಂದಿಗೆ ಗಗನಯಾತ್ರಿ ಅಸ್ತಿತ್ವದ ತತ್ತ್ವಶಾಸ್ತ್ರ ಚರ್ಚಿಸಿ ತಡೆಯಲು ನೋಡುವ ದೃಶ್ಯ ಅಪರೂಪದ್ದು. ನೌಕೆಯೊಳಗೆ ಜೀವಿಯೊಂದನ್ನು ಬೆನ್ನಟ್ಟುವ ಅದೇ ಪ್ರಸಂಗವನ್ನು ನಗುವಿನ ಬದಲು ಭಯಕ್ಕಾಗಿ ಮತ್ತೆ ಬರೆದಾಗ ಒಬ್ಯಾನನ್ ಅವರಿಂದ 1979ರ ‘ಏಲಿಯನ್’ ಹುಟ್ಟಿತು.

ಕೊನೆಗೆ ನಮ್ಮ ದೇಶದ್ದು ಒಂದು ಇರಲಿ. ದೇಶ ವಿಭಜನೆಗೆ ಮುಂಚೆ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದ ಎಫ್. ಯು. ರಾಮ್‌ಸೆ ಅವರ ಏಳು ಜನ ಗಂಡುಮಕ್ಕಳು, 1970ರಲ್ಲಿ ಬಂದ ತಮ್ಮದೇ ಒಂದು ಸೋತ ಚಿತ್ರದಲ್ಲಿ ಪೃಥ್ವಿರಾಜ್ ಕಪೂರ್ ಭಯಾನಕ ಮುಖವಾಡ ತೊಟ್ಟು ಕಳವಿಗೆ ಬರುವ ಒಂದೇ ದೃಶ್ಯಕ್ಕೆ ಜನ ಮುಗಿಬೀಳುವುದನ್ನು ಕಂಡು ಹಾರರ್ ಕಡೆಗೆ ತಿರುಗಿದರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ ಚಿತ್ರಕ್ಕೆ ಇಡೀ ಕುಟುಂಬವೇ ಬಸ್ಸು ಹತ್ತಿ ಮಹಾಬಲೇಶ್ವರಕ್ಕೆ ಹೋಗಿ ಅಲ್ಲಿಯೇ ಅಡುಗೆ ಮಾಡಿಕೊಂಡು ಚಿತ್ರೀಕರಣ ಮುಗಿಸಿತು. ಪಿಟ್ಸ್‌ಬರ್ಗ್‌ನ ಹತ್ತು ಜನರ ಕೂಟಕ್ಕೂ ಈ ಮನೆಮಂದಿಗೂ ಸಂಪರ್ಕವಿಲ್ಲ, ಕೆಲಸದ ರೀತಿ ಮಾತ್ರ ಒಂದೇ. ಅವರ ಚಿತ್ರಗಳಲ್ಲಿ ಶ್ಯಾಮ್ ಮತ್ತು ತುಳಸಿ ರಾಮ್‌ಸೆ ನಿರ್ದೇಶಿಸಿದ ‘ಪುರಾನಾ ಮಂದಿರ್’ ಅನ್ನು ಆರಿಸಿಕೊಳ್ಳಿ, 1984ರದು.

ಪ್ರದರ್ಶನಕ್ಕೆ ಸಂಬಂಧಿಸಿ ಒಂದು ಎಚ್ಚರಿಕೆ: ಸ್ವಾಮ್ಯ ಇಲ್ಲ ಎಂದ ಮಾತ್ರಕ್ಕೆ ಸೆನ್ಸಾರ್ ಇಲ್ಲ ಎಂದಲ್ಲ. ಭಾರತದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೊಗ್ರಾಫ್ ಕಾಯಿದೆಯ ಪ್ರಕಾರ ಪ್ರಮಾಣಪತ್ರ ಬೇಕು, ಆದ್ದರಿಂದ ಹೊರಗಿನವರನ್ನು ಕರೆದು ದೊಡ್ಡದಾಗಿ ತೋರಿಸುವ ಯೋಚನೆಯಿದ್ದರೆ ಮೊದಲು ಅದನ್ನು ವಿಚಾರಿಸಿಕೊಳ್ಳಿ. ಸ್ವಾಮ್ಯವಿರುವ ಚಿತ್ರಗಳಿಗೆ ಹಕ್ಕುದಾರರ ಒಪ್ಪಿಗೆ ಬೇರೆ ಪಡೆಯಬೇಕು. ‘ಗಾಂಜಾ ಅಂಡ್ ಹೆಸ್’, ‘ಪುರಾನಾ ಮಂದಿರ್’ ಆ ವರ್ಗಕ್ಕೆ ಸೇರಿದವು. ಜಗದೀಪ್ ಅವರ ‘ಶೋಲೆ’ ಅಣಕವೂ ಹಾಡುಗಳೂ ಸೇರಿ ರಾಮ್‌ಸೆ ಚಿತ್ರ ಎರಡು ಗಂಟೆಗೂ ಮಿಕ್ಕಿದೆ. ನೋಡಿದ ಮೇಲೆ ಕುಳಿತು ಚರ್ಚಿಸುವ ಉದ್ದೇಶವಿದ್ದರೆ ಆಟವನ್ನು ಸಂಜೆ ಐದಕ್ಕೇ ಶುರುಮಾಡಿ.